ಹದಿನೈದು ಗುಳಿಯ ಸ್ಟ್ರಿಪ್

ಅವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಬಾಗಿಲಾಚೆ ಬಿಟ್ಟ ಚಪ್ಪಲಿಗಳನ್ನು. ನೈರೋಬಿಯ ನಮ್ಮ ಕನ್ನಡದವರ ಮನೆಗಳಲ್ಲಿ ಗಣಪತಿ ಪೂಜೆಯೋ ಸತ್ಯನಾರಾಯಣ ವ್ರತವೋ ಆದರೆ ಮೆಟ್ಟಿಲ ಪಕ್ಕ ಮೂವತ್ತು ನಲವತ್ತು ಜೊತೆ ಬಿದ್ದಿರುತ್ತವೆ. ಉಳಿದವರು ಒಳಗೆ ಮಂಗಳಾರತಿ ತೆಗೆದುಕೊಳ್ಳುತ್ತಿದ್ದರೆ ಇವರು ಹೊರಗೆ ಕೈಕಟ್ಟಿಕೊಂಡು ನಿಂತು ಚಪ್ಪಲಿಗಳನ್ನು ಓದುತ್ತಿದ್ದರು. "ಇದ್ಯಾರ್ದು ಮೇಡಂ, ಹೆಣ್ಮಕ್ಕಳದು, ಒಂಬತ್ತು ನಂಬರು? ಮಗೀಗೆ ಹದಿಮೂರು ವರ್ಷ ಅಂತೀರಾ? ಇನ್ನೂ ನಾಕಿಂಚು ಐತೆ ಅವಳೊಳಗೆ." ಹೆತ್ತವರಿಗೆ ಇದು ಕಿರಿಕಿರಿ. ಮಗಳು ಡಾಕ್ಟರಾಗಬೇಕು ಎಂದುಕೊಂಡವರ ಮುಂದೆ ಬಂದು, ನಿಮ್ಮ ತಂದೆಯವರು ಎಷ್ಟು ಎತ್ತರ ಇದ್ದರು ಎಂದು ಕೇಳಿದರೆ ಯಾರಿಗೆ ತಾನೇ ಹಿತವಾದೀತು.

ಮಂಡ್ಯದವರು. ಹರೆಯದಲ್ಲಿ ರಾಜ್ಯದ ಮಟ್ಟದವರೆಗೆ ಬಾಸ್ಕೆಟ್‌ಬಾಲ್ ಆಡಿದವರಂತೆ. ಅಂತೆ ಎನ್ನುವುದು ಏಕೆಂದರೆ ಅವರ ಬಾಯಿಂದ ನಾನು ಅದನ್ನು ಕೇಳಿದವಳಲ್ಲ. ಕೇಳಿದರೆ, "ಆಡಿದ್ದಕ್ಕಿಂತ ಬೆಂಚ್ ಬಿಸಿ ಮಾಡಿದ್ದೇ ಜಾಸ್ತಿ ಬುಡಿ" ಎನ್ನುತ್ತಿದ್ದರು. ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರಾಗಿದ್ದರು. ಬೆಳಿಗ್ಗೆ ಆರಕ್ಕೆ ಅಲ್ಲಿ, ಸಂಜೆ ಐದಕ್ಕೆ ನಮ್ಮ ಕಾಲೇಜಿನ ಅಂಗಳದಲ್ಲಿ. ನಡುವೆ ಎರಡು ಮಟಾಟು, ಅಂದರೆ ಇಲ್ಲಿಯ ಬಾಡಿಗೆ ವ್ಯಾನು, ಬದಲಾಯಿಸಬೇಕು. ಲಾರಿಗಳ ಜಾಮ್‌ನಲ್ಲಿ ಅರ್ಧ ದಾರಿ ಇಳಿದು ನಡೆದದ್ದೂ ಉಂಟು. ಹೆಗಲಿಗೆ ಬಲೆಚೀಲದಲ್ಲಿ ನಾಲ್ಕು ಚೆಂಡು. ನಮ್ಮ ಹುಡುಗಿಯರ ತಂಡಕ್ಕೆ ಸಂಬಳವಿಲ್ಲದ ಕೋಚು. ಹುಡುಗಿಯರು ಸ್ವಾಹಿಲಿಯಲ್ಲಿ 'ಕೋಚಾ' ಎನ್ನುತ್ತಿದ್ದರು. ಅಂಗಳಕ್ಕೆ ಬಂದವರೇ ಗಾಳಿ ಕಮ್ಮಿಯಾದ ಒಂದು ಹಳೆಯ ಚೆಂಡಿನ ಮೇಲೆ "ಉಸ್ಸಪ್ಪಾ" ಎಂದು ಕೂರುತ್ತಿದ್ದರು. ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿಲ್ಲ. "ಬೆಂಚು ಮಕ್ಕಳದ್ದು" ಎನ್ನುತ್ತಿದ್ದರು.

ನಾನು ಆ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುವವಳು. ಯಜಮಾನರಿಗೆ ಟೆಲಿಕಾಂ ಕಂಪನಿಯಿಂದ ಇಲ್ಲಿಗೆ ವರ್ಗವಾದಾಗ ಎರಡು ವರ್ಷಕ್ಕೆ ಎಂದುಕೊಂಡು ಬಂದೆವು, ಎರಡು ಹತ್ತಾಯಿತು. ಕ್ರೀಡಾ ಸೀಟಿಗೆ ಸೇರಿದವರ ಕಾಗದಪತ್ರ ನನ್ನ ಮೇಜಿಗೇ ಬರುತ್ತದೆ. ಅವರ ಪರಿಚಯವಾದದ್ದು ಹಾಗೆ.

ಅವರ ಕಿಸೆಯಲ್ಲಿ ಯಾವಾಗಲೂ ಒಂದು ಮಾತ್ರೆ ಸ್ಟ್ರಿಪ್ ಇರುತ್ತಿತ್ತು. ಖಾಯಿಲೆಯದ್ದಲ್ಲ. ಮಾತ್ರೆ ತುಂಬದೆ ಮೆಷಿನ್ನಿನಿಂದ ಹೊರಬಿದ್ದ, ಎಸೆಯುವ ಮಾಲು. ಅಡ್ಡಕ್ಕೆ ಐದು, ಉದ್ದಕ್ಕೆ ಮೂರು, ಒಟ್ಟು ಹದಿನೈದು ಗುಳಿ. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಒಂದೊಂದು ಗುಳಿಗೂ ಬಾಲ್‌ಪೆನ್ನಿನಲ್ಲಿ ಎರಡೆರಡು ಅಕ್ಷರ: ಒಬ್ಬೊಬ್ಬ ಹುಡುಗಿಯ ಹೆಸರು.

"ನೋಡಿ ಮೇಡಂ, ಆಟದಲ್ಲಿ ಜಾಗ ಐದು. ಇವರಿಬ್ಬರು ಗಾರ್ಡು, ಚೆಂಡು ಹೊತ್ಕೊಂಡು ಬರೋರು. ಇವರಿಬ್ಬರು ಫಾರ್ವರ್ಡು, ಪಕ್ಕದಲ್ಲಿ ನುಗ್ಗೋರು. ಇವಳು ಸೆಂಟರು, ರಿಂಗಿನ ಕೆಳಗೆ ನಿಂತ್ಕೊಂಡು ಏಟು ತಿನ್ನೋಳು. ಮೇಲಿನ ಸಾಲು ಆಡ್ತದೆ. ಎರಡನೇ ಸಾಲು ದಣಿದೋರಿಗೆ ಬದಲು ಹೋಯ್ತದೆ. ಮೂರನೇ ಸಾಲು ಕಲೀತದೆ. ಒಂದೊಂದು ಜಾಗಕ್ಕೂ ಮೂರು ಆಳ ಇರ್ಬೇಕು. ಬಾವಿ ಇದ್ದಂಗೆ. ಅಗಲ ಇದ್ರೆ ನೀರು ಬರಾಕಿಲ್ಲ."

ಯಾರಾದರೂ ಓದು ಮುಗಿಸಿ ಹೋದರೆ, ಗಾಯವಾದರೆ, ಮದುವೆಯಾಗಿ ಊರು ಬಿಟ್ಟರೆ, ಆ ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿ ಹಾಳೆ ಹರಿಯುತ್ತಿದ್ದರು. 'ಟಪ್' ಎಂದು ಸಣ್ಣ ಸದ್ದು. ಆ ಸದ್ದು ಕೇಳಿದರೆ ಹುಡುಗಿಯರು ಸುಮ್ಮನಾಗುತ್ತಿದ್ದರು. ಹೊಸಬರು ಸೇರಿದಾಗ ಹೊಸ ಸ್ಟ್ರಿಪ್ ತಂದು ಎಲ್ಲರ ಹೆಸರನ್ನೂ ಮತ್ತೆ ಬರೆಯುತ್ತಿದ್ದರು.

ಶನಿವಾರಗಳಲ್ಲಿ ಬಸ್ಸು ಹಿಡಿದು ಥೀಕಾ, ಮಚಾಕೋಸ್, ಒಮ್ಮೊಮ್ಮೆ ಕಿಸುಮುವರೆಗೂ ಹೋಗಿ ಹೈಸ್ಕೂಲು ಪಂದ್ಯ ನೋಡುತ್ತಿದ್ದರು. ಒಂದು ಸಲ ನಾನೂ ಯಜಮಾನರೂ ಮಚಾಕೋಸ್‌ಗೆ ಜೊತೆಯಲ್ಲಿ ಹೋಗಿದ್ದೆವು. ಪಂದ್ಯ ಜೋರಾಗಿ ನಡೆದಿದೆ, ಜನ ಕುಣಿಯುತ್ತಿದ್ದಾರೆ, ಇವರು ಮಾತ್ರ ಅಂಗಳದ ಕಡೆ ಬೆನ್ನು ಹಾಕಿ ಅಂಚಿನ ಬೆಂಚಿನಲ್ಲಿ ಕೂತ ಹುಡುಗಿಯರನ್ನು ನೋಡುತ್ತಿದ್ದಾರೆ.

"ಸರ್, ಆಟ ಆ ಕಡೆ ನಡೀತಿದೆ" ಎಂದರು ನಮ್ಮ ಯಜಮಾನರು.

"ಆ ಕಡೆ ಇರೋರ್ನ ದೊಡ್ಡ ಕಾಲೇಜಿನೋರು ಆಗಲೇ ಬರ್ಕೊಂಡ್ಬುಟ್ಟವ್ರೆ ಸ್ವಾಮಿ. ನಮಗೆ ಸಿಗೋದು ಈ ಕಡೆಯೋರು. ಅಗೋ ಆ ಉದ್ದನೆ ಹುಡುಗಿ ನೋಡಿ. ಆಡಕ್ಕೆ ಬಿಟ್ಟಿಲ್ಲ, ಆದ್ರೂ ಒಳಗಿಂದ ಬಂದೋಳಿಗೆ ಎದ್ದು ಜಾಗ ಕೊಟ್ಳು. ಎರಡು ಸಲ. ಅಂಥೋಳು ನಾಳೆ ಪಾಸೂ ಕೊಡ್ತಾಳೆ."

ಅವರ ಸ್ವಾಹಿಲಿ ಅವರದೇ. "ಪೋಲೆ ಪೋಲೆ ಕನಮ್ಮ!" "ಹರಾಕಾ ಬಾರವ್ವ, ಹರಾಕಾ!" ನಿಧಾನ ಎನ್ನುವುದಕ್ಕೂ ಬೇಗ ಎನ್ನುವುದಕ್ಕೂ ಮಂಡ್ಯದ ಬಾಲ ಸೇರಿಸಿ ಕೂಗುತ್ತಿದ್ದರು. ಕೊನೆಗೆ ಹುಡುಗಿಯರೇ ಒಬ್ಬರನ್ನೊಬ್ಬರು "ಬಾರವ್ವ" ಎಂದು ಕರೆಯುವುದಕ್ಕೆ ಶುರು ಮಾಡಿದರು. ಎದುರಾಳಿ ತಂಡದವರು ಅದೇನೋ ಗುಟ್ಟಿನ ಸೂಚನೆ ಎಂದುಕೊಂಡು ಬಾರವ್ವ ಎಂದಾಗಲೆಲ್ಲ ಎಚ್ಚರವಾಗುತ್ತಿದ್ದರಂತೆ.

ತಂಡದ ಸೆಂಟರ್ ಅಚಿಯೆಂಗ್ ಎಂಬ ಹುಡುಗಿಗೆ ಒಂದು ಅಭ್ಯಾಸವಿತ್ತು. ಪ್ರತಿ ಪಂದ್ಯಕ್ಕೆ ಮುಂಚೆ ಕೋಚಾ ಹತ್ತಿರ ಹೋಗಿ "ಉಮೆನಿಯಾಂದಿಕಾ?" ಎಂದು ಕೇಳುವಳು. ನನ್ನ ಹೆಸರು ಬರೆದಿದ್ದೀರಾ, ಎಂದು. ತಂಡದಲ್ಲಿ ಅವಳನ್ನು ಬಿಟ್ಟರೆ ಸೆಂಟರೇ ಇಲ್ಲದ ದಿನವೂ ಕೇಳುವಳು. ಕೋಚಾ ಕಿಸೆಯಿಂದ ಸ್ಟ್ರಿಪ್ ತೆಗೆದು, ಐದನೇ ಜಾಗದ ಮೇಲಿನ ಗುಳಿಯ ಮೇಲೆ ಉಗುರಿಟ್ಟು ತೋರಿಸುವರು. ಅವಳು ಬಗ್ಗಿ ನೋಡಿ ಹೋಗುವಳು. ಹುಡುಗಿಯರೆಲ್ಲ ನಗುವರು. ಅವರು ಒಂದು ದಿನವೂ ನಗಲಿಲ್ಲ, ಸಿಡುಕಲೂ ಇಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. ಅವಳು ಹಾಗೆ ಕೇಳುವುದಕ್ಕೆ ಕಾರಣ ನಾನು. ಅದನ್ನು ಬರೆಯುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನನ್ನ ಬಗ್ಗೆ ನಾಲ್ಕು ಮಾತು. ನಮ್ಮಮ್ಮ ರಾಮನಗರದ ರೇಷ್ಮೆ ಫಿಲೇಚರಿನಲ್ಲಿ ಕುದಿನೀರಿಗೆ ಬೆರಳು ಹಾಕಿ ಗೂಡಿನಿಂದ ನೂಲು ತೆಗೆಯುತ್ತಿದ್ದವಳು. ಅವಳ ಬೆರಳ ತುದಿಗೆ ರೇಖೆಗಳೇ ಇರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಕಾಂ. ಸೀಟಿನ ಮೆರಿಟ್ ಲಿಸ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ದಿನ ಅರವತ್ತು ಹೆಸರಲ್ಲಿ ನನ್ನದು ಅರವತ್ತನೆಯದು. ಅಮ್ಮನಿಗೆ ಓದಲು ಬಾರದು. ನನ್ನ ಹೆಸರಿನ ಮೇಲೆ ಅವಳ ಬೆರಳನ್ನು ಇಟ್ಟೆ. ಅವಳು ಸುಮಾರು ಹೊತ್ತು ಬೆರಳು ತೆಗೆಯಲಿಲ್ಲ. ನನಗಿಂತ ಕಮ್ಮಿ ನಂಬರಿನ ಶ್ರೀಮಂತರ ಮಗಳೊಬ್ಬಳು ಆ ದಿನ ಶಿಫಾರಸು ಚೀಟಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಬಂದಳು. ಆದರೂ ಲಿಸ್ಟು ಬದಲಾಗಲಿಲ್ಲ. ಅವತ್ತಿನಿಂದ ನನಗೆ ಲಿಸ್ಟು ಎಂದರೆ ದೇವರು, ಶಿಫಾರಸು ಎಂದರೆ ಹೊಲಸು.

ಅವರು ಭಾನುವಾರಗಳಲ್ಲಿ ಕಿಲೆಲೆಶ್ವಾದ ನಮ್ಮ ಮನೆಗೆ ಮುದ್ದೆ ಊಟಕ್ಕೆ ಬರುತ್ತಿದ್ದರು. ಇಲ್ಲಿಯ ರಾಗಿ ಹಿಟ್ಟು, ಇಲ್ಲಿಯ ಸುಕುಮಾ ಸೊಪ್ಪಿನ ಬಸ್ಸಾರು. ಸೊಪ್ಪು ನಮ್ಮ ಫ್ಲ್ಯಾಟಿನ ಗೇಟಿನ ಬಳಿ ತರಕಾರಿ ಮಾರುವ ಹೆಂಗಸಿನಿಂದ ತರುತ್ತಿದ್ದದ್ದು. ನಮ್ಮಲ್ಲಿ ಮಕ್ಕಳ ಹೆಸರು ಹಿಡಿದು ತಾಯಂದಿರನ್ನು ಕರೆಯುವಂತೆ ಇಲ್ಲಿಯೂ. ಅವಳು ಮಾಮಾ ಅಚಿಯೆಂಗ್, ಅಂದರೆ ಅಚಿಯೆಂಗ್‌ಳ ಅಮ್ಮ.

ಒಂದು ಭಾನುವಾರ ಅವರು ಮೂರನೇ ಮಹಡಿ ಹತ್ತಿ ಬಂದವರು ಒಳಗೆ ಬರಲೇ ಇಲ್ಲ. ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ, "ಮೇಡಂ, ಒಳಗೆ ಯಾರವ್ರೆ?" ಎಂದರು.

"ನೆಂಟರು ಯಾರೂ ಇಲ್ಲ ಸರ್. ಯಾಕೆ?"

"ಹೊರಗೆ ಹನ್ನೊಂದು ನಂಬರ್ ಐತೆ."

ನೋಡಿದರೆ ಟೈರು ಕತ್ತರಿಸಿ ಮಾಡಿದ ಒಂದು ಜೊತೆ ದೊಡ್ಡ ಚಪ್ಪಲಿ. ಮಾಮಾ ಅಚಿಯೆಂಗ್‌ಗೆ ಕಾಲು ನೋವೆಂದು ಆಲೂಗಡ್ಡೆ ಚೀಲವನ್ನು ಮಗಳು ತಂದಿದ್ದಳು. ನಮ್ಮ ಚಪ್ಪಲಿ ಹೊರಗಿದ್ದದ್ದು ನೋಡಿ ತಾನೂ ಬಿಟ್ಟು ಒಳಗೆ ಬಂದು ಅಡುಗೆಮನೆಯಲ್ಲಿ ಚೀಲ ಇಳಿಸುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಹೊರಗೆ ಬಂದಳು, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿದಳು. ಇವರು ಕೈ ಎತ್ತುವಂತೆ ಸನ್ನೆ ಮಾಡಿದರು. ಅವಳು ಎತ್ತಿದಳು. ಯುಗಾದಿಗೆ ಕಟ್ಟಿ ಒಣಗಿಹೋಗಿದ್ದ ಮಾವಿನ ತೋರಣದಿಂದ ಒಂದು ಎಲೆ ಅವಳ ಕೈಗೇ ಬಂತು. ಅವಳು ಹೆದರಿ, "ಸಾರಿ ಮೇಡಂ" ಎಂದಳು.

"ಬಾಸ್ಕೆಟ್‌ಬಾಲ್ ಆಡ್ತೀಯಾ?" ಎಂದು ಇವರು ಇಂಗ್ಲಿಷಿನಲ್ಲಿ ಕೇಳಿದರು.

"ಸ್ಕೂಲಲ್ಲಿ ಆಡ್ತಿದ್ದೆ. ಸ್ಕೂಲು ಮುಗಿದು ಎರಡು ವರ್ಷ ಆಯ್ತು."

"ಎಲ್ಲಿ ನಿಲ್ತಿದ್ದೆ?"

"ರಿಂಗಿನ ಕೆಳಗೆ."

ಅವತ್ತು ಅವರು ಮುದ್ದೆ ಉಣ್ಣುವುದನ್ನೇ ಮರೆತು ಸ್ಟ್ರಿಪ್ ತೆಗೆದು ನೋಡುತ್ತ ಕೂತರು. ತಂಡದಲ್ಲಿದ್ದ ಒಬ್ಬಳೇ ಸೆಂಟರು ಕೊನೆಯ ವರ್ಷಕ್ಕೆ ಬಂದಿದ್ದಳು. ಐದನೇ ಜಾಗದ ಕೆಳಗಿನ ಎರಡೂ ಗುಳಿ ಹರಿದಿದ್ದವು. "ನಾನು ದೇಶ ಎಲ್ಲಾ ಸುತ್ತಿ ಬಂದೆ ಮೇಡಂ," ಎಂದರು, "ನಿಮ್ಮನೆ ಆಲೂಗಡ್ಡೆ ಹೊತ್ಕೊಂಡು ಬತ್ತಾವ್ಳೆ." ಅವಳ ಹೈಸ್ಕೂಲು ದರ್ಜೆ ಸಿ ಪ್ಲಸ್. ಪದವಿಗೆ ಸೇರಲು ಅಷ್ಟು ಸಾಕು, ಅದಕ್ಕಿಂತ ಒಂದು ಗೆರೆ ಇಳಿದರೂ ಸಾಲದು. ಅವಳ ಮನೆಯಲ್ಲೂ ಕಾಲೇಜು ಕಂಡವರು ಯಾರೂ ಇರಲಿಲ್ಲ.

ಕ್ರೀಡಾ ಸೀಟು ವರ್ಷಕ್ಕೆ ನಾಲ್ಕು. ಅದರ ದುಪ್ಪಟ್ಟಿಗಿಂತ ಕಮ್ಮಿಯಿಲ್ಲದಷ್ಟು ಹೆಸರನ್ನು ಕೋಚು ಕಳಿಸಬೇಕು, ಸಮಿತಿ ಅದರಲ್ಲಿ ನಾಲ್ವರನ್ನು ಆರಿಸಬೇಕು ಎಂಬುದು ನಿಯಮ. ಆ ವರ್ಷ ಅವರು ಒಂಬತ್ತು ಹೆಸರು ಬರೆದು ಕಳಿಸಿದರು. ಪ್ರತಿ ಹೆಸರಿನ ಪಕ್ಕ ಒಂದರಿಂದ ಐದರವರೆಗೆ ಆಡುವ ಜಾಗದ ಅಂಕಿ. ನಾಲ್ಕು ಹೆಸರಿಗೆ ಕೆಂಪು ಶಾಯಿಯಲ್ಲಿ ಸುತ್ತು. ಕಾರ್ಖಾನೆಯಲ್ಲಿ ಆ ವಾರ ತಪಾಸಣೆ ಇದ್ದದ್ದರಿಂದ ಸಭೆಗೆ ಬರಲಾಗುವುದಿಲ್ಲ ಎಂದು ಚೀಟಿಯನ್ನೂ ಇಟ್ಟಿದ್ದರು.

ಆ ಕೆಂಪು ಸುತ್ತುಗಳನ್ನು ನೋಡಿದೊಡನೆ ನನ್ನ ಮೈ ಉರಿಯಿತು. ನಮ್ಮ ಕಡೆ ಲಿಸ್ಟಿನಲ್ಲಿ ಕೆಂಪು ಗುರುತು ಬಿದ್ದರೆ ಏನರ್ಥವೆಂದು ಗೊತ್ತಿರುವವರಿಗೆ ಗೊತ್ತು: ಶಿಫಾರಸು. ಅದರಲ್ಲೂ ಒಂದು ಸುತ್ತು ಅಚಿಯೆಂಗ್ ಹೆಸರಿಗೆ. ನನ್ನ ಗೇಟಿನ ಹುಡುಗಿ, ನನ್ನ ಮನೆಯಲ್ಲಿ ಸಿಕ್ಕ ಹುಡುಗಿ. ನಾಳೆ ಯಾರಾದರೂ ಮೇಡಂ ಕಡೆಯವಳಂತೆ ಎಂದರೆ? ನಾನು ಲಿಸ್ಟಿನಿಂದ ಬಂದವಳು. ಒಂಬತ್ತು ಹೆಸರನ್ನೂ ಕಂಪ್ಯೂಟರಿಗೆ ಹಾಕಿದೆ. ಅಂಕಿಗಳನ್ನು ಹಾಕಲಿಲ್ಲ, ನಮ್ಮ ಫಾರಂನಲ್ಲಿ ಆ ಕಾಲಂ ಇರಲಿಲ್ಲ. ದರ್ಜೆಯ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿದೆ. ಮೇಲಿನ ನಾಲ್ಕು ಹೆಸರಿನ ಕೆಳಗೆ ಗೆರೆ ಎಳೆದೆ. ಅಚಿಯೆಂಗ್ ಏಳನೆಯವಳು. ಸಮಿತಿಯವರು ಎರಡು ನಿಮಿಷದಲ್ಲಿ ಸಹಿ ಹಾಕಿದರು. "ತುಂಬ ಕ್ಲೀನ್ ಆಗಿದೆ" ಎಂದು ಡೀನ್ ಹೊಗಳಿದರು. ಅವತ್ತು ನಾನು ಬಹಳ ಹೆಮ್ಮೆಯಿಂದ ಮನೆಗೆ ಹೋದೆ.

ಮಾರನೇ ಸಂಜೆ ಅವರು ಬೋರ್ಡು ನೋಡಿ ನನ್ನ ಕೋಣೆಗೆ ಬಂದರು. ಚೆಂಡಿನ ಚೀಲ ಹೆಗಲ ಮೇಲೇ ಇತ್ತು.

"ಮೇಡಂ, ಅಂಕಿ ಹಾಕಿದ್ನಲ್ಲ."

"ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ ಸರ್."

"ಸುತ್ತು ಹಾಕಿದ್ನಲ್ಲ."

"ಸರ್, ತಪ್ಪು ತಿಳ್ಕೋಬೇಡಿ. ನಾನು ಯಾರ ಶಿಫಾರಸನ್ನೂ ನೋಡೋದಿಲ್ಲ. ನಿಮ್ಮದಾದರೂ ಅಷ್ಟೆ. ಮೆರಿಟ್ ಏನಿದೆಯೋ ಅದು."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಚೀಲವನ್ನು ನೆಲಕ್ಕಿಳಿಸಿ, ಸ್ಟ್ರಿಪ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ನೀವು ಕೊಟ್ಟಿರೋ ನಾಲ್ಕೂ ಜನ ಗಾರ್ಡುಗಳು ಮೇಡಂ. ಒಳ್ಳೇ ಮಕ್ಕಳು. ಆದ್ರೆ ಒಂದು ಮಟಾಟುಗೆ ನಾಲ್ಕು ಕಂಡಕ್ಟರ್ ಕೊಟ್ಟಂಗಾಯ್ತು. ನಾನು ಪ್ಯಾಕಿಂಗಿನೋನು. ಹದಿನೈದು ಗುಳೀಲಿ ಒಂದು ಖಾಲಿ ಇದ್ರೆ ಮೆಷಿನ್ನು ಇಡೀ ಸ್ಟ್ರಿಪ್ಪನ್ನ ಆಚೆಗೆ ತಳ್ತದೆ. ಮಿಕ್ಕ ಹದಿನಾಲ್ಕು ಎಷ್ಟು ಚೆನ್ನಾಗವೆ ಅಂತ ಅದು ಕೇಳಾಕಿಲ್ಲ."

ಆಗ ನನಗೆ ಅರ್ಥವಾಯಿತು. ಸುತ್ತು ಹಾಕಿದ್ದು ಶಿಫಾರಸಿಗಲ್ಲ, ಖಾಲಿ ಗುಳಿಗೆ. ಎರಡು ಫಾರ್ವರ್ಡು, ಒಂದು ಗಾರ್ಡು, ಒಂದು ಸೆಂಟರು. ಒಂಬತ್ತರಲ್ಲಿ ಸೆಂಟರೆಂದು ಇದ್ದವಳು ಅವಳೊಬ್ಬಳೇ.

"ಬದಲಾಯಿಸೋಣವಾ ಸರ್?" ಎಂದೆ.

"ಅಂಟಿಸಿಬುಟ್ಟಿದೀರಲ್ಲ. ಆ ನಾಲ್ಕು ಮಕ್ಕಳೂ ನೋಡ್ಕೊಂಡು ಮನೆಗೆ ಫೋನ್ ಮಾಡಿ ಅಳ್ತಾ ನಿಂತವ್ರೆ. ಈಗ ಯಾರ ಹೆಸರು ಹೊಡೆದಾಕ್ತೀರಿ, ಬುಡಿ." ಸ್ಟ್ರಿಪ್ಪನ್ನು ಕಿಸೆಗಿಟ್ಟುಕೊಂಡರು. "ಆ ಹುಡುಗಿಗೆ ಹೇಳೋರ್ಯಾರು?"

"ನಾನೇ ಹೇಳ್ತೀನಿ ಸರ್. ತಪ್ಪು ನನ್ನದು."

"ಬ್ಯಾಡಿ. ನೀವು ದಿನಾ ಅವಳ ಹತ್ರ ಸೊಪ್ಪು ತಗೋಬೇಕು" ಎಂದು ಹೇಳಿ ಚೀಲ ಎತ್ತಿಕೊಂಡು ಹೋದರು.

ಎರಡು ದಿನ ಗೇಟಿನ ಕಡೆ ಹೋಗಲಿಲ್ಲ. ಮೂರನೇ ದಿನ ಹೋದೆ. ಅಚಿಯೆಂಗ್ ಬೆನ್ನು ತಿರುಗಿಸಿಕೊಂಡು ಸೊಪ್ಪು ಹೆಚ್ಚುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡು ಎಂದಿನಂತೆ ನಕ್ಕು, "ನೋಡಿದಿರಾ ಮಾಮಾ, ಕೋಚಾ ನನ್ನ ಮಗಳ ಹೆಸರು ಬರೆಯೋದು ಮರೆತುಬಿಟ್ಟರಂತೆ. ವಯಸ್ಸಾಗಿದೆ. ತಾವೇ ಬಂದು ಪೋಲೆ ಅಂತ ಹೇಳಿ ಹೋದರು. ಮುಂದಿನ ವರ್ಷ ಖಂಡಿತ ಅಂದರು" ಎಂದಳು. ಒಂದೇ ಸಲ ಪೋಲೆ ಎಂದರೆ ನಿಧಾನ ಅಲ್ಲ, ಕ್ಷಮಿಸು ಎಂದೂ ಹೌದು, ಪಾಪ ಎಂದೂ ಹೌದು. ನಾನು ಸೊಪ್ಪಿನ ಕಂತೆ ಹಿಡಿದು ನಿಂತೆ. ಈಗ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ. "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ. ಆಮೇಲೆ ಒಂದು ವರ್ಷ ಪ್ರತಿ ಸಂಜೆ ಅದೇ ಸೊಪ್ಪು, ಅದೇ ಅಸಾಂಟೆ.

ಆ ವರ್ಷದ ಒಂದು ಪಂದ್ಯಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕೊನೆಯ ವರ್ಷದ ಆ ಒಬ್ಬಳೇ ಸೆಂಟರು ಬದಲಿಲ್ಲದೆ ಆಡುತ್ತಿದ್ದಳು. ಎದುರಿನವರು ಎರಡು ಮೂರು ದೊಡ್ಡ ಹುಡುಗಿಯರನ್ನು ಸರದಿಯಲ್ಲಿ ಕಳಿಸಿ ಇವಳನ್ನು ಅರೆದರು. ಕೊನೆಯ ಭಾಗದಲ್ಲಿ ಚೆಂಡಿಗೆ ಜಿಗಿದವಳು ಇಳಿಯುವಾಗ ಮಂಡಿ ತಿರುಚಿ ಬಿದ್ದಳು. ಎದ್ದೇಳಲಾಗಲಿಲ್ಲ. ಅವಳನ್ನು ಹೊತ್ತುಕೊಂಡು ಹೋದ ಮೇಲೆ ಕೋಚಾ ಬೆಂಚಿನ ಕಡೆ ತಿರುಗಿದರು. ನಾನು ಕೊಟ್ಟ ನಾಲ್ವರೂ ಸಾಲಾಗಿ ಕೂತಿದ್ದರು, ಒಂದೇ ಅಳತೆಯ ನಾಲ್ಕು ಲೋಟಗಳ ಹಾಗೆ. ಒಬ್ಬಳನ್ನು ಎಬ್ಬಿಸಿ ರಿಂಗಿನ ಕೆಳಗೆ ಕಳಿಸಿದರು. ಎದುರಿನವಳು ಅವಳ ತಲೆಯ ಮೇಲಿಂದ ನುಗ್ಗೇಕಾಯಿ ಕಿತ್ತಂತೆ ಚೆಂಡು ತೆಗೆದು ತೆಗೆದು ಹಾಕಿದಳು. ಪಂದ್ಯ ಮುಗಿದ ಮೇಲೆ ಆ ಮಗು ಅಳುತ್ತ ಬಂತು. "ತಪ್ಪು ನಿಂದಲ್ಲ ಕನವ್ವ," ಎಂದು ತಲೆ ನೇವರಿಸಿದರು, "ನಿನ್ನ ಜಾಗ ಅದಲ್ಲ." ನನ್ನನ್ನು ಅವರು ನೋಡಿದ್ದರು. ಆದರೆ ನನ್ನ ಕಡೆ ತಿರುಗಲಿಲ್ಲ. ಮಂಡಿ ಮುರಿದುಕೊಂಡವಳು ಪದವಿ ಪ್ರದಾನಕ್ಕೆ ಊರುಗೋಲಿನಲ್ಲಿ ಬಂದಳು. ಅವಳು ಮತ್ತೆ ಆಡಲಿಲ್ಲ.

ಸ್ಟ್ರಿಪ್ಪಿನ ಕೊನೆಯ ಸೆಂಟರಿನ ಗುಳಿ 'ಟಪ್' ಎಂದಿತು.

ಅದರ ಮುಂದಿನ ವರ್ಷದ ಸಭೆಗೆ ನಾನು ಅವರಿಂದ ಒಂದು ಖಾಲಿ ಸ್ಟ್ರಿಪ್ ಕೇಳಿ ತೆಗೆದುಕೊಂಡು ಹೋದೆ. ಲಿಸ್ಟಿನಲ್ಲಿ ಅಚಿಯೆಂಗ್ ಈ ಸಲವೂ ಕೆಳಗೇ ಇದ್ದಳು. ಬಿ ದರ್ಜೆಯವರನ್ನು ಬಿಟ್ಟು ಸಿ ಪ್ಲಸ್‌ಗೆ ಏಕೆ ಸೀಟು ಎಂದು ಡೀನ್ ಕೇಳಿದರು. "ಹೋದ ಸಲ ನೀವೇ ಅಲ್ವಾ ಮೆರಿಟ್ ಮೆರಿಟ್ ಅಂದದ್ದು?"

"ನಾನೇ ಸರ್. ಅದರ ಫಲವಾಗಿ ಒಬ್ಬಳ ಮಂಡಿ ಹೋಯಿತು" ಎಂದೆ. ಸ್ಟ್ರಿಪ್ಪನ್ನು ಮೇಜಿನ ನಡುವೆ ಇಟ್ಟು, ಅವರು ನನಗೆ ಹೇಳಿದ್ದನ್ನು ಹೇಳಿದೆ. ಮುಕ್ಕಾಲು ಗಂಟೆ ವಾದ ನಡೆಯಿತು. ನನಗೆ ಮಾತಾಡಿ ಗೆದ್ದು ಅಭ್ಯಾಸವಿಲ್ಲ. ಕೂತಲ್ಲಿಂದ ಏಳದೆ ಗೆದ್ದು ಅಭ್ಯಾಸ. ಕೊನೆಗೆ ಡೀನ್‌ಗೇ ಸುಸ್ತಾಗಿ ಸಹಿ ಹಾಕಿದರು. ಫಾರಂನಲ್ಲಿ ಹೊಸ ಕಾಲಂ ಒಂದು ಸೇರಿತು: ಆಡುವ ಜಾಗ.

ಅಚಿಯೆಂಗ್ ಬಂದಳು. ಎರಡನೇ ವರ್ಷಕ್ಕೆ ಅವಳ ಕೆಳಗಿನ ಎರಡು ಗುಳಿಯೂ ತುಂಬಿದವು. ತಂಡ ಕಪ್ಪುಗಳನ್ನೇನೂ ರಾಶಿ ಹಾಕಲಿಲ್ಲ, ಆದರೆ ಅವರು ಇದ್ದಷ್ಟು ಕಾಲ ಇನ್ನೊಬ್ಬಳ ಮಂಡಿ ಹೋಗಲಿಲ್ಲ. ದಣಿವು ಕಾಣುವ ಮೊದಲೇ ಬದಲಿ ಕಳಿಸುತ್ತಿದ್ದರು. ಚೆನ್ನಾಗಿ ಆಡುತ್ತಿದ್ದವಳನ್ನು ಏಕೆ ಕರೆದಿರಿ ಎಂದು ಜನ ಕೂಗಿದರೆ, "ಆಡೋರು ಐದು ಜನ. ತಂಡ ಕಾಯ್ಕೊಂಡು ಕೂತೋರದ್ದು" ಎಂದು ಕನ್ನಡದಲ್ಲೇ ಗೊಣಗುತ್ತಿದ್ದರು.

ಅಚಿಯೆಂಗ್ ಆಡಿದ ಮೊದಲ ಪಂದ್ಯದಿಂದಲೇ ಅವಳ "ಉಮೆನಿಯಾಂದಿಕಾ?" ಶುರುವಾದದ್ದು. ಒಮ್ಮೆ ನಾನು ತಡೆಯಲಾಗದೆ, "ಸರ್, ಇನ್ನಾದರೂ ಅವಳಿಗೆ ನಿಜ ಹೇಳಿಬಿಡ್ತೀನಿ" ಎಂದೆ.

"ಯಾಕೆ? ನಿಮ್ಮ ಎದೆ ಹಗುರ ಮಾಡ್ಕೊಳಕ್ಕಾ?" ಎಂದರು. ಅಷ್ಟು ಒರಟಾಗಿ ಅವರು ಮಾತಾಡಿದ್ದು ಅದೊಂದೇ ಸಲ. ಆಮೇಲೆ ಚೆಂಡಿನ ಮೇಲೆ ಕೂತಲ್ಲೇ ಸ್ವಲ್ಪ ಸರಿದು, "ಅವಳ ಸರ್ಟಿಫಿಕೇಟಿಗೆ ಸಹಿ ಹಾಕಿಸೋರು ನೀವು. ನಾಲ್ಕು ವರ್ಷ ನಿಮ್ಮ ಕಿಟಕಿ ಮುಂದೆ ನಿಲ್ಲೋಳು. ನಿಮ್ಮ ಮೇಲೆ ಅವಳಿಗೆ ನಂಬಿಕೆ ಇರ್ಲಿ. ಕೋಚು ಮೇಲೆ ಒಸಿ ಅನುಮಾನ ಇದ್ರೆ ಚೆನ್ನಾಗಿ ಆಡ್ತಾಳೆ" ಎಂದರು. ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ಇವತ್ತಿಗೂ ಗೊತ್ತಾಗಿಲ್ಲ. ನಾನೂ ಸುಮ್ಮನಾದೆ. ಸುಮ್ಮನಿರುವುದು ಸುಲಭವಾಗಿತ್ತು.

ಅವಳು ಪದವಿ ಮುಗಿಸಿದ ವರ್ಷವೇ ಕಾರ್ಖಾನೆಯವರು ಕೋಚಾ ಅವರ ಕೆಲಸದ ಪರ್ಮಿಟ್ ಮುಂದುವರಿಸಲಿಲ್ಲ. ವಯಸ್ಸಾಯಿತು ಎಂದರು. ಅಚಿಯೆಂಗ್‌ಳನ್ನೇ ತಮ್ಮ ಜಾಗಕ್ಕೆ ಸೂಚಿಸಿ, ಚೆಂಡಿನ ಚೀಲವನ್ನೂ ಸ್ಟ್ರಿಪ್ಪನ್ನೂ ಅವಳ ಕೈಗಿಟ್ಟು ಮಂಡ್ಯಕ್ಕೆ ಹೋದರು. ವಿಮಾನ ನಿಲ್ದಾಣದಲ್ಲಿ ಕೂಡ ಯಾರದೋ ದೊಡ್ಡ ಬೂಟು ನೋಡುತ್ತ ನಿಂತಿದ್ದರು. ವರ್ಷ ತುಂಬುವುದರೊಳಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವೆಂದು ಅವರ ಮಗನಿಂದ ನಮ್ಮ ಯಜಮಾನರಿಗೆ ಫೋನು ಬಂತು.

ಆ ಶನಿವಾರ ಬೆಳಿಗ್ಗೆ ಅಂಗಳದಲ್ಲೇ ಸೇರಿದೆವು. ಹಳೆಯ ಹುಡುಗಿಯರೆಲ್ಲ ಬಂದಿದ್ದರು. ಗಾಳಿ ಕಮ್ಮಿಯಾದ ಆ ಚೆಂಡನ್ನು ನಡುವೆ ಇಟ್ಟಿದ್ದರು, ಯಾರೂ ಅದರ ಮೇಲೆ ಕೂರಲಿಲ್ಲ. ಒಬ್ಬೊಬ್ಬರೂ ಏನೇನೋ ನೆನೆದರು. ಬಾರವ್ವ ಕಥೆಗೆ ಎಲ್ಲರೂ ನಕ್ಕರು. ಅಚಿಯೆಂಗ್ ಎದ್ದಳು. "ಕೋಚಾಗೆ ಮರೆವು ಎಷ್ಟು ಗೊತ್ತಾ? ನನ್ನ ಹೆಸರು ಬರೆಯೋದನ್ನೇ ಮರೆತಿದ್ದರು! ಒಂದು ವರ್ಷ ತರಕಾರಿ ಮಾರಿದೆ. ಅದಕ್ಕೇ ಆಮೇಲೆ ಪ್ರತಿ ಮ್ಯಾಚಿಗೂ ಕೇಳ್ತಿದ್ದೆ. ಒಂದು ದಿನವೂ ಬೈಲಿಲ್ಲ" ಎಂದಳು. ಮತ್ತೆ ಎಲ್ಲರೂ ನಕ್ಕರು.

ನಾನು ಎದ್ದು ನಿಂತೆ. ಸಿದ್ಧಮಾಡಿಕೊಂಡು ಬಂದ ಮಾತು ಬೇರೆ ಇತ್ತು.

"ಅವರು ಮರೆಯಲಿಲ್ಲ," ಎಂದೆ. "ಬರೆದಿದ್ದರು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬರೆದಿದ್ದರು. ಕೈಬಿಟ್ಟವಳು ನಾನು. ನನ್ನ ಮುಖ ಉಳಿಸುವುದಕ್ಕೆ ಅವರು ತಮ್ಮ ಮೇಲೆ ಹಾಕಿಕೊಂಡರು."

ಯಾರೂ ನಗಲಿಲ್ಲ. ಅಚಿಯೆಂಗ್ ನನ್ನನ್ನೇ ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ ನಾನು ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದಾಗ ಬಂದು ನಿಂತಳು.

"ಮೇಡಂ, ಅವರಿಗೆ ಎಲ್ಲಾ ನೆನಪಿರ್ತಿತ್ತು. ಯಾರಿಗೆ ಯಾವಾಗ ಪರೀಕ್ಷೆ, ಯಾರ ತಾಯಿಗೆ ಹುಷಾರಿಲ್ಲ, ಯಾರ ಶೂ ಹರಿದಿದೆ, ಎಲ್ಲಾ. ನಾನು ಅದನ್ನ ನೋಡ್ತಾನೇ ಇದ್ದೆ. ನೋಡಿದಾಗೆಲ್ಲ ಅಂದುಕೊಳ್ತಿದ್ದೆ, ಹಾಗಾದರೆ ನಾನೊಬ್ಬಳೇ ಯಾಕೆ ಮರೆತುಹೋದೆ? ನನ್ನಲ್ಲೇ ಏನೋ ಕಮ್ಮಿ ಇರಬೇಕು ಅಂತ. ಇಷ್ಟು ವರ್ಷ."

ನಾನು ಕ್ಷಮೆ ಕೇಳಿದೆ. ನಲ್ಲಿ ಸೋರುತ್ತಿತ್ತು, ಅವಳು ಬಿಗಿಯಾಗಿ ತಿರುಗಿಸಿ ಹೋದಳು.

ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬಂದಳು. ಹೆಗಲ ಮೇಲೆ ಬಲೆಚೀಲ. ಈ ವರ್ಷದ ಕ್ರೀಡಾ ಸೀಟಿನ ಹೆಸರುಗಳನ್ನು ಮೇಜಿನ ಮೇಲಿಟ್ಟಳು. ಒಂಬತ್ತು ಹೆಸರು, ಪಕ್ಕದಲ್ಲಿ ಅಂಕಿ, ನಾಲ್ಕು ಕೆಂಪು ಸುತ್ತು. ಕೊಟ್ಟು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕುರ್ಚಿ ತೋರಿಸಿದೆ. ಕೂರಲಿಲ್ಲ. ನಾನು ಒಂದೊಂದೇ ಹೆಸರು ಹಾಕುತ್ತ ಹೋದೆ. ಅವಳು ಚೀಲ ಇಳಿಸದೆ ನಿಂತೇ ಇದ್ದಳು.

ಕೊನೆಯ ಹೆಸರು ಮುಗಿದ ಮೇಲೆ ಕೇಳಿದಳು: "ಮೇಡಂ, ಬರೆದಿರಾ?"

ನಾನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಬಗ್ಗಿ, ಮೊದಲನೆಯ ಹೆಸರಿನ ಕೆಳಗೆ ಉಗುರಿಟ್ಟು, ಅಂಕಿಯವರೆಗೆ ಎಳೆದು, ಎರಡನೆಯದಕ್ಕೆ ಇಳಿದಳು. ಒಂಬತ್ತನೆಯದು ಮುಗಿದ ಮೇಲೆ ಮತ್ತೆ ಮೇಲಿನಿಂದ ಶುರುಮಾಡಿದಳು. ನಾನು ಪರದೆ ಹಿಡಿದುಕೊಂಡು ಕೂತಿದ್ದೆ.